ಎದುರು ಹಾಡು, ಹಳೆಯ ರೀಲು

1
ಮಹಾಪೆಯ ಎಂಐಡಿಸಿ, ಮಧ್ಯಾಹ್ನದ ಊಟದ ಹೊತ್ತು. ನಮ್ಮ ಮೇಜಿನಲ್ಲಿ ಕನ್ನಡದವರು ಐದಾರು ಮಂದಿ: ಕುಂದಾಪುರ, ಕಾರ್ಕಳ, ವಿಜಯಪುರ. ಮಾತು ಎಲ್ಲಿಂದ ಹೊರಟರೂ ಎರಡು ಪ್ರಶ್ನೆಗೆ ಬಂದು ನಿಲ್ಲುತ್ತದೆ. ವೇದಿಕೆಯ ಮೇಲೆ ಯಾರು ನಿಜವಾಗಿ ಹಾಡುತ್ತಾರೆ? ಯಾವ ಸಿನಿಮಾವನ್ನು ಮತ್ತೆ ಮತ್ತೆ ನೋಡಬಹುದು? ಕೇಳಿದ್ದನ್ನು, ಕಂಡದ್ದನ್ನು ಬರೆದಿಡುತ್ತಿದ್ದೇನೆ.

2
2025ರ ಜನವರಿ 18, 19, 21. ನೆರೂಳಿನ ಡಿ.ವೈ. ಪಾಟೀಲ್ ಕ್ರೀಡಾಂಗಣದಲ್ಲಿ ಕೋಲ್ಡ್‌ಪ್ಲೇ ಬ್ಯಾಂಡ್. ನಮ್ಮ ಆಫೀಸಿನ ಹುಡುಗರು ಕೊಪರ್‌ಖೈರಣೆಯಲ್ಲಿ ಲೋಕಲ್ ಹತ್ತಿ ಹೋದರು. ಬಂದವರೆಲ್ಲರ ಕೈಗೂ ಬೆಳಕಿನ ಪಟ್ಟಿ. ಹಾಡಿಗೆ ತಕ್ಕಂತೆ ಇಡೀ ಮೈದಾನದ ಮಣಿಕಟ್ಟುಗಳು ಒಟ್ಟಿಗೆ ಬಣ್ಣ ಬದಲಿಸುತ್ತಿದ್ದವಂತೆ.
ಮರುದಿನ ಒಬ್ಬ ಹೇಳಿದ: "ಥೇಟ್ ರೆಕಾರ್ಡಿನ ಹಾಗೇ ಇತ್ತು ಮಾರಾಯ." ಅದು ಹೊಗಳಿಕೆ.
ಇನ್ನೊಬ್ಬ: "ನನಗೆ ಗಾಯಕನ ಧ್ವನಿ ಕೇಳಿಸಲೇ ಇಲ್ಲ. ಪಕ್ಕದವಳು ಎಲ್ಲ ಹಾಡನ್ನೂ ಹಾಡಿದಳು." ಅವನೂ ಖುಷಿಯಲ್ಲೇ ಇದ್ದ.

3
ಅದೇ ಮೈದಾನ, 2017ರ ಮೇ 10, ಜಸ್ಟಿನ್ ಬೀಬರ್. ಹಿಂದೆ ರೆಕಾರ್ಡ್ ಹಾಕಿ ತುಟಿ ಆಡಿಸಿದ ಎಂದು ಪತ್ರಿಕೆಗಳು ಬರೆದವು. ಅದು ದೂರು.

4
ಲತಾ ಮಂಗೇಶ್ಕರ್ 1974ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಹಾಡಿದರು. ಅವರನ್ನು ಸಭೆಗೆ ಪರಿಚಯಿಸಿದವರು ದಿಲೀಪ್ ಕುಮಾರ್. ಆ ಸಂಜೆಯ ಧ್ವನಿಮುದ್ರಣ ಈಗಲೂ ಸಿಗುತ್ತದೆ.
ಇಂಥ ಕಛೇರಿಗಳಲ್ಲಿ ಚಪ್ಪಾಳೆ ಯಾವಾಗ ಬೀಳುತ್ತದೆ ಎಂದು ಗಮನಿಸುತ್ತಿದ್ದೇನೆ. ಹಾಡು ಮುಗಿದಾಗ ಬೀಳುತ್ತದೆ. ಅದಕ್ಕಿಂತ ಜೋರಾಗಿ ಬೀಳುವುದು ಹಾಡಿನ ಮೊದಲ ವಾದ್ಯದ ಎಳೆ ಕೇಳಿಸಿದಾಗ. ಗಾಯಕಿ ಇನ್ನೂ ಬಾಯಿ ತೆರೆದಿರುವುದಿಲ್ಲ.

5
ಗದಗಿನ ಭೀಮಸೇನ ಜೋಶಿ ತಮ್ಮ ಗುರುಗಳ ನೆನಪಿಗೆ 1953ರಲ್ಲಿ ಪುಣೆಯಲ್ಲಿ ಸವಾಯಿ ಗಂಧರ್ವ ಉತ್ಸವ ಆರಂಭಿಸಿದರು. ಅವರನ್ನು ಎದುರು ಕೂತು ಕೇಳಿದ ಹಿರಿಯರೊಬ್ಬರು ಡೊಂಬಿವಲಿಯಲ್ಲಿದ್ದಾರೆ. ಕೇಳಿದೆ.
"ರಾಗ ಹಾಡುವಾಗ ಹಿಂದಿನ ಸಲ ಹಾಡಿದ್ದನ್ನೇ ಹಾಡಿದರೆ ನಮಗೆ ಸಮಾಧಾನ ಇರುತ್ತಿರಲಿಲ್ಲ. ಕೊನೆಗೆ ಪುರಂದರದಾಸರ ಲಕ್ಷ್ಮಿಯ ಹಾಡು ಎತ್ತಿಕೊಂಡರೆ ಮಾತ್ರ ಕ್ಯಾಸೆಟ್ಟಿನಲ್ಲಿ ಇದ್ದ ಹಾಗೇ ಬರಬೇಕು. ಒಂದು ತಿರುವು ಬಿಟ್ಟರೂ ಏನೋ ಕಳೆದುಕೊಂಡ ಹಾಗೆ."
ಗಾಯಕರು ಒಬ್ಬರೇ, ಕೇಳುವವರು ಅವರೇ, ಸಂಜೆಯೂ ಒಂದೇ.

6
ಯಕ್ಷಗಾನದ ಭಾಗವತರ ಶ್ರುತಿಯನ್ನು ಊರಿನವರು ಹಾರ್ಮೋನಿಯಂ ಮನೆಯ ಲೆಕ್ಕದಲ್ಲಿ ಹೇಳುತ್ತಾರೆ: ಕಪ್ಪು ಮೂರು, ಬಿಳಿ ಐದು. 2023ರಲ್ಲಿ ತೀರಿಕೊಂಡ ಬಲಿಪ ನಾರಾಯಣ ಭಾಗವತರ ಮಾತು ಬಂದರೆ ಅವರ ಏರುಶ್ರುತಿಯ ಮಾತು ಬಂದೇ ಬರುತ್ತದೆ.
ಕಾರ್ಕಳದವನು ಒಬ್ಬ ಗಾಯಕನನ್ನೂ ಬಿಡದೆ ಹೀಗೇ ಅಳೆಯುತ್ತಾನೆ. ಕೋಲ್ಡ್‌ಪ್ಲೇಯವನದು ಎಷ್ಟು ಎಂದು ಕೇಳಿದ. ಯಾರಿಗೂ ಗೊತ್ತಿರಲಿಲ್ಲ.

7
ಭಾಗವತ ಗುಂಡ್ಮಿ ಕಾಳಿಂಗ ನಾವಡರು 1990ರ ಮೇ ತಿಂಗಳಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ವಯಸ್ಸು 31. ಕುಂದಾಪುರದ ನಮ್ಮ ಹುಡುಗ ಹುಟ್ಟಿದ್ದು ಅದಾದ ಮೇಲೆ. ಅವರ ಪದ್ಯಗಳಲ್ಲಿ ಉಸಿರು ಎಲ್ಲಿ ನಿಲ್ಲುತ್ತದೆ, ಮದ್ದಲೆ ಎಲ್ಲಿ ಸೇರುತ್ತದೆ, ಸಭೆಯಲ್ಲಿ ಯಾರೋ ಕೆಮ್ಮುವುದು ಎಲ್ಲಿ, ಎಲ್ಲವೂ ಅವನಿಗೆ ಬಾಯಿಪಾಠ. ಕೆಮ್ಮಿಲ್ಲದ ಮುದ್ರಣ ಸಿಕ್ಕಾಗ ಅವನಿಗೆ ಹಿಡಿಸಲಿಲ್ಲ.

8
ಉಸಿರು ಎಳೆದುಕೊಳ್ಳುವ ಸದ್ದು ಒಮ್ಮೆ ಕಿವಿಗೆ ಬಿದ್ದರೆ ಕೊಟ್ಟ ದುಡ್ಡು ಬಂತು ಎನ್ನುವವನು ನಾನು. ಮೇಜಿನಲ್ಲಿ ಇದಕ್ಕೆ ಒಪ್ಪಿಗೆ ಇಲ್ಲ.

9
ಠಾಣೆ–ವಾಶಿ ಲೋಕಲ್. ಬಾಗಿಲ ಬಳಿ ಒಬ್ಬರು ಫೋನಿನಲ್ಲಿ ಹಳೆಯ ಹಿಂದಿ ಸಿನಿಮಾ ನೋಡುತ್ತಿದ್ದರು. ಕಿವಿಗೆ ಏನೂ ಹಾಕಿರಲಿಲ್ಲ, ಧ್ವನಿಯೂ ಇರಲಿಲ್ಲ. ಪರದೆಯ ಮೇಲಿನ ತುಟಿಯ ಜೊತೆ ಅವರ ತುಟಿ ಆಡುತ್ತಿತ್ತು. ತುರ್ಭೆಯಲ್ಲಿ ಇಳಿದರು.

10
ರಾಜ್‌ಕುಮಾರ್ ಚಿತ್ರಗಳನ್ನು ಮತ್ತೆ ನೋಡುವಾಗ ಹೊಳೆದದ್ದು. 1974ರ "ಸಂಪತ್ತಿಗೆ ಸವಾಲ್"ಗೆ ಮುಂಚೆ ಆ ಮುಖಕ್ಕೆ ಬಹುಪಾಲು ಪಿ.ಬಿ. ಶ್ರೀನಿವಾಸರ ಕಂಠ. ಆಮೇಲೆ ಹೆಚ್ಚಾಗಿ ರಾಜ್‌ಕುಮಾರ್ ಅವರದೇ ಕಂಠ. "ಜೀವನ ಚೈತ್ರ"ದ ಹಾಡಿಗೆ ರಾಷ್ಟ್ರಪ್ರಶಸ್ತಿಯೂ ಬಂತು. ಎರಡು ಕಂಠವೂ ಆ ಮುಖಕ್ಕೆ ಒಪ್ಪುತ್ತವೆ. ಮನೆಯಲ್ಲಿ ಎರಡೂ ಕಾಲದ ಚಿತ್ರ ಒಂದರ ಹಿಂದೊಂದು ಹಾಕಿದೆವು. ಧ್ವನಿ ಬದಲಾಯಿತು ಎಂದು ಯಾರೂ ಹೇಳಲಿಲ್ಲ.

11
ಚಿಕ್ಕಮ್ಮ ಡೊಂಬಿವಲಿಯವರು. "ಕಸ್ತೂರಿ ನಿವಾಸ" ಎಷ್ಟು ಸಲ ನೋಡಿದ್ದಾರೋ ಲೆಕ್ಕವಿಲ್ಲ. ಪಾರಿವಾಳದ ಘಟ್ಟ ಹತ್ತಿರ ಬರುತ್ತಿದ್ದಂತೆ ಎದ್ದು ಒಲೆಯ ಮುಂದೆ ಹೋಗುತ್ತಾರೆ. ಸಿನಿಮಾ ಮುಗಿದ ಮೇಲೆ ಬಂದು ಕಣ್ಣು ಒರೆಸಿಕೊಳ್ಳುತ್ತಾರೆ.
1971ರ ಆ ಕಪ್ಪುಬಿಳುಪು ಚಿತ್ರ 2014ರಲ್ಲಿ ಬಣ್ಣವಾಗಿ ಬಂತು. ಚಿಕ್ಕಮ್ಮ ಅದನ್ನೂ ನೋಡಿದರು. "ಜಯಂತಿ ಸೀರೆ ಆ ಬಣ್ಣದ್ದಲ್ಲ" ಅಂದರು. ಹಾಗಾದರೆ ಯಾವ ಬಣ್ಣ ಎಂದು ಕೇಳಿದರೆ ತಡವಿಲ್ಲದೆ ಉತ್ತರ ಬಂತು.

12
1995ರಲ್ಲಿ ಎರಡು ಸಿನಿಮಾ.
"ಓಂ." ಉಪೇಂದ್ರ ನಿರ್ದೇಶನ, ಶಿವರಾಜ್‌ಕುಮಾರ್ ನಾಯಕ. ಟಿವಿಗೆ ಬರಲು 20 ವರ್ಷ ಹಿಡಿಯಿತು. ಅಷ್ಟರಲ್ಲಿ ಥಿಯೇಟರುಗಳಿಗೆ ನೂರಾರು ಸಲ ಮರಳಿ ಬಂದಿತ್ತು.
"ದಿಲ್‌ವಾಲೆ ದುಲ್ಹನಿಯಾ ಲೇ ಜಾಯೇಂಗೆ." ಮುಂಬಯಿ ಸೆಂಟ್ರಲ್‌ನ ಮರಾಠಾ ಮಂದಿರಕ್ಕೆ ಅಕ್ಟೋಬರ್ 20ರಂದು ಬಂದು ಅಲ್ಲೇ ಉಳಿಯಿತು. ಕೊರೋನಾ ಕಾಲದಲ್ಲಿ ಥಿಯೇಟರು ಮುಚ್ಚಿತ್ತು, ತೆರೆದಾಗ ಅದೇ ಸಿನಿಮಾ ಹಾಕಿದರು. ಮನೆಯಲ್ಲಿ, ಫೋನಿನಲ್ಲಿ, ಎಲ್ಲೆಡೆ ಸಿಗುವ ಚಿತ್ರ ಅದು. ಆದರೂ ಜನ ಟಿಕೆಟ್ ತೆಗೆದು ಹೋಗುತ್ತಾರೆ. ನಾಯಕಿ ರೈಲಿನ ಹಿಂದೆ ಓಡುವಾಗ ಸೀಟಿ ಹೊಡೆಯುತ್ತಾರೆ. ರೈಲು ಸಿಗುತ್ತದೆಂದು ಎಲ್ಲರಿಗೂ ಗೊತ್ತು.

13
"ಶೋಲೆ"ಯ ಬಂಡೆಗಳು ರಾಮನಗರದವು. 1975ರಲ್ಲಿ, ತುರ್ತುಪರಿಸ್ಥಿತಿಯ ದಿನಗಳಲ್ಲಿ, ಸೆನ್ಸಾರಿನವರು ಕೊನೆ ಬದಲಿಸಿ ಎಂದರು. ಠಾಕೂರ್ ಗಬ್ಬರನನ್ನು ಕೊಲ್ಲುವ ಕೊನೆ ಹೋಯಿತು, ಪೊಲೀಸರು ಬಂದರು. 2025ರಲ್ಲಿ ಇಟಲಿಯ ಬೊಲೊನ್ಯಾದಲ್ಲಿ ಹಳೆಯ ಕೊನೆಯೊಂದಿಗೆ ಚಿತ್ರವನ್ನು ತೋರಿಸಿದರು.
ವಿಜಯಪುರದವನಿಗೆ ಹೇಳಿದೆ. ಅವನ ಉತ್ತರ: "ನಾ ನೋಡಿದ್ದೇ ಖರೇ ಶೋಲೆರೀ."

14
ಯಕ್ಷಗಾನದಲ್ಲಿ ಅಭಿಮನ್ಯು ಕಾಳಗ ನೋಡಲು ಹೋದವರಿಗೆಲ್ಲ ಅಭಿಮನ್ಯು ಸಾಯುತ್ತಾನೆ ಎಂದು ಗೊತ್ತು. ಆದರೆ ಸಾಯುವ ಮುಂಚೆ ಇವತ್ತು ಏನು ಹೇಳುತ್ತಾನೆ ಎಂದು ಗೊತ್ತಿಲ್ಲ. ಪದ್ಯ ಬರೆದಿಟ್ಟದ್ದು, ಮಾತು ಆ ಹೊತ್ತಿಗೆ ಹುಟ್ಟಿದ್ದು. ಭಾಗವತರು ಒಂದು ಸಾಲನ್ನು ಎಷ್ಟು ಸಲ ಎತ್ತಿ ಹಾಡುತ್ತಾರೆ ಎಂಬುದನ್ನು ವೇಷಧಾರಿಯ ಕಾಲು ನೋಡಿ ತೀರ್ಮಾನಿಸುತ್ತಾರೆ. ನಾನು ಕಂಡ ಹಾಡುಗಾರಿಕೆಯಲ್ಲಿ ಇದಕ್ಕಿಂತ ಕಷ್ಟದ್ದು ಇಲ್ಲ.

15
"ಕಾಂತಾರ" ಬಂದದ್ದು 2022ರ ಸೆಪ್ಟೆಂಬರ್ 30ಕ್ಕೆ. ಕಾರ್ಕಳದವನು ಮೊದಲು ಕನ್ನಡದಲ್ಲಿ ನೋಡಿದ. ಆಮೇಲೆ ಮರಾಠಿ ಗೆಳೆಯರನ್ನು ಕರೆದುಕೊಂಡು ಹೋಗಿ ಹಿಂದಿಯಲ್ಲಿ ನೋಡಿದ. ಎರಡನೆಯ ಸಲ ಪರದೆ ನೋಡಲಿಲ್ಲವಂತೆ, ಗೆಳೆಯರ ಮುಖ ನೋಡುತ್ತ ಕೂತಿದ್ದನಂತೆ. ದೈವದ ಕೂಗು ಬಂದಾಗ ಅವರು ಸುಮ್ಮನಾದರು. ಅಷ್ಟು ಸಾಕಾಯಿತು ಅವನಿಗೆ.

16
ಮಳೆಗಾಲಕ್ಕೆ ಮುಂಚಿನ ಪತ್ತನಾಜೆಗೆ ಊರಿನ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಮಳೆಗಾಲದಲ್ಲಿ ಕಲಾವಿದರು ತಂಡ ಕಟ್ಟಿಕೊಂಡು ಮುಂಬಯಿ, ಠಾಣೆ, ಡೊಂಬಿವಲಿ ಕಡೆಗೆ ಬರುತ್ತಾರೆ. ಹತ್ತಿರದಲ್ಲಿದ್ದರೆ ಹೋಗಿ. ಚೆಂಡೆಯ ಪಕ್ಕ ಬೇಡ, ಭಾಗವತರ ಉಸಿರು ಕೇಳಿಸುವಷ್ಟು ಮುಂದೆ, ಜಾಗಟೆಯ ಬದಿಗೆ ಕೂತುಕೊಳ್ಳಿ.