ಬೆಳಕಿನ ಋಣ

ಪ್ರವಾದಿ ಮುಹಮ್ಮದ್(ಸ)ರು ಮದೀನಾಕ್ಕೆ ಆಗಮಿಸಿದಾಗ ಮಸೀದಿಗೆಂದು ಆರಿಸಿದ ನಿವೇಶನವು ಇಬ್ಬರು ಅನಾಥ ಬಾಲಕರಿಗೆ ಸೇರಿತ್ತು. ಅದನ್ನು ಉಚಿತವಾಗಿ ಕೊಡಲು ಮುಂದಾದರೂ ಪ್ರವಾದಿವರ್ಯರು(ಸ) ಬೆಲೆ ತೆತ್ತೇ ಪಡೆದರು. ಅಲ್ಲಾಹನ ಭವನಕ್ಕಾಗಿಯೂ ದುರ್ಬಲರ ಹಕ್ಕು ಕರಗಬಾರದೆಂಬುದು ಅದರ ಪಾಠ. ಶರಾವತಿಯ ಚರಿತ್ರೆಯನ್ನು ಓದುವಾಗಲೆಲ್ಲ ನನಗೆ ಈ ಘಟನೆ ನೆನಪಾಗುತ್ತದೆ.

ಸಾಗರ ತಾಲೂಕಿನ ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಪೂರ್ಣಗೊಂಡಿತು. ಅಲ್ಲಿ ನಿಂತ ನೀರು ತಳಕಳಲೆಯ ಮೂಲಕ ಹಾದು, 1,035 ಮೆಗಾವಾಟ್ ಸಾಮರ್ಥ್ಯದ ಶರಾವತಿ ವಿದ್ಯುದಾಗಾರದ ಯಂತ್ರಗಳನ್ನು ತಿರುಗಿಸುತ್ತದೆ. ದಶಕಗಳಿಂದ ನಾಡಿನ ಮನೆಗಳೂ ಕಾರ್ಖಾನೆಗಳೂ ಅದರ ಫಲವನ್ನುಂಡಿವೆ. ನಮ್ಮ ಮಸೀದಿಗಳ ದೀಪಗಳೂ ಅದಕ್ಕೆ ಹೊರತಲ್ಲ. ಹೊಗೆಯುಗುಳದ ಈ ವಿದ್ಯುತ್ತಿನ ಉಪಕಾರವನ್ನು ಅಲ್ಲಗಳೆಯುವುದು ಕೃತಘ್ನತೆಯಾದೀತು.

ಆದರೆ ಅದರ ಬೆಲೆ ತೆತ್ತವರು ಯಾರು? ಸುಮಾರು 300 ಚದರ ಕಿಲೋಮೀಟರ್ ವಿಸ್ತಾರದ ಹಿನ್ನೀರಿನಲ್ಲಿ ಗದ್ದೆ, ತೋಟ, ಊರು, ಕಾಡುಗಳು ಮುಳುಗಿದವು. ಸಾವಿರಾರು ಕುಟುಂಬಗಳು ಶಿವಮೊಗ್ಗ ಜಿಲ್ಲೆಯ ಬೇರೆ ಬೇರೆ ಕಾಡುಗಳಲ್ಲಿ ನೆಲೆ ಕಂಡುಕೊಳ್ಳಬೇಕಾಯಿತು. ಆ ನೆಲವು ದಾಖಲೆಗಳಲ್ಲಿ ಅರಣ್ಯವಾಗಿಯೇ ಉಳಿದುದರಿಂದ ಅವರಲ್ಲನೇಕರ ಮೊಮ್ಮಕ್ಕಳು ಇಂದಿಗೂ ಹಕ್ಕುಪತ್ರಕ್ಕಾಗಿ ಅಲೆಯುತ್ತಿದ್ದಾರೆ. ಹಿನ್ನೀರಿನಾಚೆ ಉಳಿದ ತುಮರಿ ಭಾಗದವರು ಸಾಗರಕ್ಕೆ ಬರಲು ಲಾಂಚ್ ಕಾಯುತ್ತಿದ್ದರು. ಅವರಿಗೆ ಸೇತುವೆ ದೊರೆತದ್ದು 2025ರ ಜುಲೈಯಲ್ಲಿ.

ಮನುಷ್ಯರಾದರೋ ಅರ್ಜಿ ಬರೆಯಬಲ್ಲರು. ಜಲಚರಗಳು ಯಾರಿಗೆ ದೂರು ನೀಡಬೇಕು? ಹೊನ್ನಾವರದ ಅಳಿವೆಯಲ್ಲಿ ಹಿಂದೆ ಬೇಸಿಗೆ ಬಂದಂತೆ ಸಮುದ್ರದ ಉಪ್ಪುನೀರು ಒಳನುಗ್ಗಿ ಸಿಹಿನೀರಿನೊಡನೆ ಬೆರೆಯುತ್ತಿತ್ತು. ವಿದ್ಯುದಾಗಾರಗಳಿಂದ ವರ್ಷವಿಡೀ ಹೊರಬೀಳುವ ನೀರು ಆ ಉಪ್ಪನ್ನು ತಗ್ಗಿಸಿತು. ಉಪ್ಪನ್ನೇ ನೆಚ್ಚಿದ ಚಿಪ್ಪಿಕಲ್ಲುಗಳೂ ಹಲವು ಬಗೆಯ ಮೀನುಗಳೂ ವಿರಳವಾದವು. ಸಮೀಪದಲ್ಲೇ, ಅಣೆಕಟ್ಟಿಲ್ಲದೆ ಹರಿಯುವ ಅಘನಾಶಿನಿಯ ಅಳಿವೆಯಲ್ಲಿ ಚಿಪ್ಪಿಕಲ್ಲು ಹೆಕ್ಕಿ ಬದುಕುವ ಕುಟುಂಬಗಳು ಈಗಲೂ ಇವೆ.

ಸಮೂದ್ ಜನಾಂಗಕ್ಕೆ ಪ್ರವಾದಿ ಸಾಲಿಹ್(ಅ)ರು ನೀಡಿದ ಆದೇಶವನ್ನು ಪವಿತ್ರ ಕುರ್‌ಆನ್ ವಿವರಿಸುತ್ತದೆ. ನೀರಿನ ಸರದಿಯಲ್ಲಿ ಜನರಿಗೊಂದು ದಿನವಾದರೆ ಒಂಟೆಗೂ ಒಂದು ದಿನ. ಮೂಕ ಪ್ರಾಣಿಯ ಪಾಲನ್ನು ಸಹಿಸದವರು ಕೊನೆಗೆ ನಾಶವಾದರು. ಅಲ್ಲಾಹನು ಆಕಾಶವನ್ನು ಎತ್ತರಿಸಿ ಸ್ಥಾಪಿಸಿದ ಮೀಝಾನ್ ಅಂದರೆ ಸಮತೋಲನವನ್ನು ನಾವು ಕೆಡಿಸಬಾರದು ಎಂಬುದೂ ಅದೇ ಗ್ರಂಥದ ಎಚ್ಚರಿಕೆ.

ಇದೀಗ ಅದೇ ಕಣಿವೆಯಲ್ಲಿ 2,000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆಯ ಪ್ರಸ್ತಾಪವಿದೆ. ನಾಡಿಗೆ ವಿದ್ಯುತ್ ಬೇಕು, ನಿಜ. ಆದರೆ ಹಳೆಯ ಸಾಲ ತೀರಿಸದೆ ಹೊಸ ಸಾಲ ಮಾಡುವುದು ನ್ಯಾಯವೇ? ಬಹುಜನರ ಹಿತವು ಕೆಲವರ ಹಕ್ಕನ್ನು ಅಳಿಸಲಾರದು. ಅದು ಬಹುಜನರನ್ನು ಸಾಲಗಾರರನ್ನಾಗಿಸುತ್ತದೆ ಅಷ್ಟೆ.

ಹರಿಯುವ ನದಿಯ ದಡದಲ್ಲಿದ್ದರೂ ವುಝೂವಿನಲ್ಲಿ ನೀರನ್ನು ಪೋಲು ಮಾಡಬಾರದೆಂದು ಮದ್ರಸದಲ್ಲಿ ಮಕ್ಕಳಿಗೆ ಕಲಿಸುತ್ತೇನೆ. ಮದುವೆಯ ಮನೆಗಳಲ್ಲಿ ರಾತ್ರಿಯಿಡೀ ಉರಿಯುವ ಅಲಂಕಾರ ದೀಪಗಳಿಗೂ ಆ ಪಾಠ ಅನ್ವಯಿಸುತ್ತದೆ. ಆ ಬೆಳಕಿನ ಹಿಂದೆ ಯಾರದೋ ಮುಳುಗಿದ ಮನೆಯಿದೆ.

ಪಡೆದುದರ ಹಕ್ಕನ್ನು ಅರಿತು ಸಲ್ಲಿಸುವ ತೌಫೀಕನ್ನು ಅಲ್ಲಾಹನು ನಮಗೆ ಕರುಣಿಸಲಿ. ಆಮೀನ್.