ಹಡಗಿನ ವೈದ್ಯರ ಬಿಲ್ಲು

2023ರ ಜುಲೈ ತಿಂಗಳಲ್ಲಿ ಸಿಯಾಟಲ್‌ನಿಂದ ಅಲಾಸ್ಕಾಕ್ಕೆ ಹೊರಟ ಹಡಗಿನಲ್ಲಿ, ಎರಡನೆಯ ರಾತ್ರಿ ನನ್ನಾಕೆಗೆ ಉಬ್ಬಸ ಕಾಣಿಸಿಕೊಂಡಿತು. ಹಡಗಿನ ವೈದ್ಯರು ಸಜ್ಜನರು. ಆದರೆ ಅವರ ಶುಲ್ಕ ಪ್ರವಾಸದ ದರದಲ್ಲಿ ಸೇರಿರುವುದಿಲ್ಲ, ನಮ್ಮ ಕೋಣೆಯ ಲೆಕ್ಕಕ್ಕೆ ಬೀಳುತ್ತದೆ. ಮೊದಲು ನಾವು ತೆತ್ತು, ರಸೀದಿಗಳನ್ನು ಒಪ್ಪಿಸಿ ವಿಮೆಯಿಂದ ಮರಳಿ ಪಡೆಯಬೇಕು.

ಮರುದಿನದ ಬಂದರು ಜೂನೋ. ರಾಜ್ಯದ ರಾಜಧಾನಿಯಾದರೂ ಹೊರಗಿನಿಂದ ಅಲ್ಲಿಗೆ ರಸ್ತೆಯಿಲ್ಲ! ದೊಡ್ಡ ಆಸ್ಪತ್ರೆಗೆ ವಿಮಾನವೇ ಗತಿ. ಪಾಲಿಸಿಯಲ್ಲಿ ಆ ವೆಚ್ಚವನ್ನು ಭರಿಸುವ ಸಾಲನ್ನು ಆ ರಾತ್ರಿ ಎಷ್ಟು ಸಲ ಓದಿದೆನೋ! ಹಳೆಯ ಅಸ್ತಮಾವನ್ನು ಅರ್ಜಿಯಲ್ಲಿ ಮುಚ್ಚಿಡದೆ ಬರೆದಿದ್ದೆವು. ಕಂತು ಏರಿತೆಂದು ಮಗ ಗೊಣಗಿದ್ದ.

ಹೊರಡಲಿರುವ ಶಿಷ್ಯರೇ, ಔಷಧಿಯನ್ನು ಕೈಚೀಲದಲ್ಲಿಯೇ ಇರಿಸಿಕೊಳ್ಳಿ. ಹಡಗೇರುವಾಗ ಒಪ್ಪಿಸಿದ ಪೆಟ್ಟಿಗೆ ಕೋಣೆ ಸೇರಲು ಗಂಟೆಗಳೇ ಹಿಡಿಯುತ್ತವೆ.

ಬೆಳಗಿನ ಹೊತ್ತಿಗೆ ಉಸಿರು ಸರಾಗವಾಯಿತು. ಮುಂದೆ ಹಿಮನದಿಯನ್ನು ಆಕೆ ಕಂಬಳಿ ಹೊದ್ದು, ಕಿಟಕಿಯಿಂದಲೇ ಕಂಡಳು.