ಚಂದ್ರನಲ್ಲಿ ಮನೆ, ಚಾಳಿನಲ್ಲಿ ನಳ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ಹಿರಿಯರು ಭೂಮಿಯ ಮೇಲಿನ ಮನೆಯ ಮಾತನ್ನಷ್ಟೇ ಆಡಿದ್ದರು. ಈಗ ಚಂದ್ರನ ಮೇಲೇ ಮನೆ ಕಟ್ಟುವ ಮಾತು ಎಲ್ಲೆಲ್ಲೂ. 2040ರೊಳಗೆ ಭಾರತೀಯನೊಬ್ಬ ಅಲ್ಲಿ ಕಾಲಿಡಬೇಕೆಂಬ ಗುರಿಯನ್ನು ನಮ್ಮ ಸರಕಾರವೂ 2023ರಲ್ಲಿ ಹಾಕಿಕೊಂಡಿತು.

ಆ ವರ್ಷದ ಆಗಸ್ಟ್ 23ರ ಸಂಜೆ ನಾನು ಅಪ್ಪ ದುಡಿಯುವ ಹೋಟೆಲಿನಲ್ಲಿದ್ದೆ. ಆರು ಗಂಟೆ ಆಗಷ್ಟೇ ದಾಟಿತ್ತು. ವಿಕ್ರಮ್ ಇಳಿಯುತ್ತಿದ್ದಂತೆ ಗಲ್ಲೆಯ ಯಜಮಾನರಿಂದ ಹಿಡಿದು ಕಪ್ಪು-ಬಸಿ ತೊಳೆಯುವ ಹುಡುಗನ ತನಕ ಎಲ್ಲರೂ ಟಿವಿಯ ಎದುರು. ಕಾವಲಿಯ ಮೇಲಿನ ದೋಸೆ ಕರಟಿದ್ದು ಯಾರಿಗೂ ತಿಳಿಯಲಿಲ್ಲ. "ಇಸ್ರೋದ ಅಧ್ಯಕ್ಷರಾಗಿದ್ದ ಯು. ಆರ್. ರಾವ್ ನಮ್ಮ ಅದಮಾರಿನವರು ಮಾರಾಯ" ಎಂದು ಅಪ್ಪ ಸಿಕ್ಕಿದವರಿಗೆಲ್ಲ ಹೇಳಿದರು. ರಾಕೆಟ್ಟಿನ ಇಂಜಿನುಗಳಲ್ಲಿ ಕೆಲವು ನಮ್ಮ ವಿಕ್ರೋಲಿಯ ಗೋದ್ರೆಜ್ ಕಾರ್ಖಾನೆಯವೆಂದು ನಾನೂ ಬೀಗಿದೆ.

ಮನೆಗೆ ಬಂದವನೇ, "ಅಲ್ಲಿ ನೀರೂ ಉಂಟಂತೆ ಅಮ್ಮ. 2009ರಲ್ಲೇ ಚಂದ್ರಯಾನ-1ರಿಂದ ಗೊತ್ತಾಗಿತ್ತು" ಎಂದೆ.

ಅಮ್ಮ ಡ್ರಮ್ಮಿನ ಮುಚ್ಚಳ ತೆಗೆದು ಇಣುಕಿ, "ಇಲ್ಲಿ ಇಲ್ಲ ನೋಡು" ಅಂದಳು.

ನಮ್ಮ ಚಾಳಿನ ನಳಕ್ಕೆ ನಸುಕಿನ ನಾಲ್ಕಕ್ಕೆ ಜೀವ ಬರುತ್ತದೆ, ಐದಕ್ಕೆ ಹೋಗುತ್ತದೆ. ಹಿಂದೊಂದು ಮಳೆಗಾಲದಲ್ಲಿ ಅಮ್ಮ ಕೊಡಪಾನ ಹೊತ್ತು ಮೆಟ್ಟಿಲಲ್ಲಿ ಜಾರಿದಳು. ಸೊಂಟ ಇನ್ನೂ ನೆಟ್ಟಗಾಗಿಲ್ಲ. ಅಂದಿನಿಂದ ನೀರಿನ ಸರದಿ ನನ್ನದು. ಮೊದಲ ಪೀರಿಯಡ್ಡಿನಲ್ಲಿ ನಾನೇಕೆ ತೂಕಡಿಸುತ್ತೇನೆಂದು ಗೆಳೆಯರಿಗೆ ಈಗ ತಿಳಿದಿರಬೇಕು.

ಹಾಗಾದರೆ ಚಂದ್ರಯಾನ ದಂಡವೇ? ಹಾಗೆನ್ನಲಾರೆ. ಚಂದ್ರಯಾನ-3ಕ್ಕೆ ತಗಲಿದ್ದು ಸುಮಾರು 615 ಕೋಟಿ ರೂಪಾಯಿ. ನಮ್ಮ ಮುಂಬಯಿಯ ಕರಾವಳಿ ರಸ್ತೆಗೆ 13,000 ಕೋಟಿಗೂ ಮಿಕ್ಕಿ. ನಮ್ಮ ನಳದ ನೀರನ್ನು ಚಂದ್ರ ಕುಡಿದದ್ದಲ್ಲ.

ಆದರೆ ಹೋಗಿ ನೋಡುವುದು ಬೇರೆ, ಬಿಡಾರ ಹೂಡುವುದು ಬೇರೆ. ಅಲ್ಲಿ ಒಂದು ರಾತ್ರಿಯೆಂದರೆ ನಮ್ಮ 14 ದಿನ. ಆ ಚಳಿಗೆ ಮಲಗಿದ ವಿಕ್ರಮ್ ಮತ್ತೆ ಏಳಲಿಲ್ಲ. ಮನುಷ್ಯ ಅಲ್ಲಿರಬೇಕಾದರೆ ಉಸಿರಾಡುವ ಗಾಳಿ, ಉಣ್ಣುವ ಅನ್ನ ಎಲ್ಲ ಇಲ್ಲಿಂದಲೇ ಹೋಗಬೇಕು. ಕಟ್ಟುವ ಖರ್ಚು ಒಮ್ಮೆಯದು, ನಡೆಸುವ ಖರ್ಚು ತಿಂಗಳು ತಿಂಗಳಿನದು. ಪಗಡಿ ಕೊಟ್ಟು ಖೋಲಿ ಹಿಡಿದ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ದಕ್ಷಿಣ ಧ್ರುವದ ಕತ್ತಲ ಕುಳಿಗಳಲ್ಲಿ ಹಿಮವಿದೆಯೆಂದೇ ಎಲ್ಲ ದೇಶಗಳ ಕಣ್ಣು ಅತ್ತ. ಅಂದರೆ ವಿಜ್ಞಾನಿಗಳೂ ಮೊದಲು ನೋಡುವುದು ನೀರನ್ನೇ, ನಮ್ಮಮ್ಮನ ಹಾಗೆ.

ಯಂತ್ರಗಳು ಇನ್ನಷ್ಟು ಹೋಗಲಿ, ಮನೆಗೆ ಅವಸರ ಬೇಡ ಎಂಬುದು ನನ್ನ ಮತ. ಇಷ್ಟನ್ನೂ ಅಮ್ಮನಿಗೆ ಓದಿ ಹೇಳಿದೆ.

"ಕಟ್ಟಲಿ ಬಿಡು ಮಗಾ" ಅಂದಳು. "ಆ ನೀರು ಹೊರುವವರು ಯಾರು ಅಂತ ಮಾತ್ರ ಮೊದಲೇ ಕೇಳಿಕೊಳ್ಳಿ."